ಹೆಡ್‌ಲೈಟು, ಹಾರ್ನು, ಚಾರ್ಜರು: ಬೈಕಿನ ವೈರಿಂಗ್ ಕೆಲಸ ಮನೆಯಲ್ಲೇ ಮಾಡಿಕೊಳ್ಳಿ

ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಹೊತ್ತು ಧಾರವಾಡದಿಂದ ಹಳಿಯಾಳದ ಕಡೆ ಬೈಕಿನಲ್ಲಿ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ, ಹಿಂದೆ ಎರಡು ಟ್ರೇಲರ್, ಟೇಲ್‌ಲೈಟ್ ಒಂದೂ ಇರುವುದಿಲ್ಲ. ತೀರಾ ಹತ್ತಿರ ಬಂದ ಮೇಲೇ ಅದು ಕಾಣುವುದು. ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಇನ್ನೊಂದು ಬಗೆಯ ಕಷ್ಟ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ನಮ್ಮ ಬೈಕಿನ ಲೈಟು ಇದೆಯೋ ಇಲ್ಲವೋ ಅನ್ನಿಸಿಬಿಡುತ್ತದೆ. ಮರುದಿನ ನಾವು ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ "ಜೋರು ಲೈಟು ಕೊಡ್ರಿ" ಅನ್ನುವುದು.

ಅಂಗಡಿಯವರು ಕೊಡುತ್ತಾರೆ. ಪಕ್ಕದ ಹುಡುಗ ಹತ್ತು ನಿಮಿಷದಲ್ಲಿ ಹಾಕಿಯೂ ಕೊಡುತ್ತಾನೆ. "ಇದ್ದ ವೈರಿಗೇ ಜಾಯಿಂಟ್ ಹೊಡದ್ರ ಆತ್ರಿ ಸರ" ಅನ್ನುತ್ತಾನೆ. ಸಮಸ್ಯೆ ಶುರುವಾಗುವುದೇ ಆ ಜಾಯಿಂಟಿನಲ್ಲಿ. ಮೊದಲ ಮಳೆಗೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಸ್ವಿಚ್ ಸುಟ್ಟ ವಾಸನೆ ಬರುತ್ತದೆ, ಇಲ್ಲವೇ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ.

ಬಹಳಷ್ಟು ಬೈಕುಗಳಲ್ಲಿ ಬಲ್ಬು ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಕರೆಂಟ್ ಹೋಗುವ ದಾರಿ ಹಾಳಾಗಿರುತ್ತದೆ. ಆ ದಾರಿ ಸರಿಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸದೇನಾದರೂ ಹಾಕುವುದಿದ್ದರೆ ಅದಕ್ಕೆ ಬೇರೆಯೇ ದಾರಿ ಮಾಡಿಕೊಡಬೇಕು. ಬ್ಯಾಟರಿ, ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು), ಆಮೇಲೆ ಸಾಮಾನು. ಕೆಳಗಿರುವ ಹೆಡ್‌ಲೈಟು, ಹಾರ್ನಿನ ಕೆಲಸಗಳು ಇದೇ ಸಾಲಿನ ಮೇಲೆ ನಿಂತಿವೆ. ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಮಾಡುವಂಥವು.

ಯಾವ ಬೈಕಿಗೆ ಕೈ ಹಾಕಬಹುದು

12 ವೋಲ್ಟ್ ಬ್ಯಾಟರಿ ಇರುವ ಪೆಟ್ರೋಲ್ ಬೈಕು ಯಾವುದಾದರೂ ಸರಿ. 100 ಸಿಸಿ ಇರಲಿ, 350 ಸಿಸಿ ಇರಲಿ, ಲೆಕ್ಕ ಒಂದೇ. ಎಲೆಕ್ಟ್ರಿಕ್ ಗಾಡಿಗಳನ್ನು ದಯವಿಟ್ಟು ಬಿಟ್ಟುಬಿಡಿ, ಅವುಗಳ ಬ್ಯಾಟರಿ ಮುಟ್ಟುವಂಥದ್ದಲ್ಲ.

ವಾರಂಟಿ ಇನ್ನೂ ಮುಗಿಯದ ಬೈಕಾದರೆ ಕಂಪನಿ ವೈರ್ ಒಂದನ್ನೂ ಕತ್ತರಿಸಬೇಡಿ. ಕತ್ತರಿಸಿದ್ದು ಕಂಡರೆ ಶೋರೂಮಿನವರು ಎಲೆಕ್ಟ್ರಿಕಲ್ ಕ್ಲೇಮ್ ಒಪ್ಪುವುದು ಕಷ್ಟ. 2020ರ ಏಪ್ರಿಲ್ ನಂತರ ಬಂದ ಬಿಎಸ್6 ಬೈಕುಗಳಲ್ಲಿ ಬಹುತೇಕ ಎಲ್ಲಕ್ಕೂ ಫ್ಯೂಯೆಲ್ ಇಂಜೆಕ್ಷನ್ ಇದೆ. ಅಂದರೆ ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಇದೆ, ಸೆನ್ಸರ್‌ಗಳಿವೆ. ಆ ವೈರ್‌ಗಳ ಹತ್ತಿರ ಹೋಗಲೇಬೇಡಿ. ಹಾರ್ನ್, ಲೈಟ್, ಬ್ಯಾಟರಿ, ಇಷ್ಟಕ್ಕೆ ಕೆಲಸ ಮುಗಿಸಿ.

ಸಾಮಾನು

ಮೊದಲು ಬೇಕಿರುವುದು ಡಿಜಿಟಲ್ ಮಲ್ಟಿಮೀಟರ್. ಇನ್ನೂರು ಮುನ್ನೂರು ರೂಪಾಯಿಯದ್ದು ಸಾಕು. ಇದಿಲ್ಲದೆ ಬೈಕಿನ ವೈರಿಂಗ್ ಮುಟ್ಟುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಟೆಸ್ಟ್ ಲ್ಯಾಂಪ್ ಕೂಡ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಕರೆಂಟ್ ಇದೆ ಅಥವಾ ಇಲ್ಲ ಅಂತ ಹೇಳುತ್ತದೆಯೇ ಹೊರತು ಎಷ್ಟಿದೆ ಅಂತ ಹೇಳುವುದಿಲ್ಲ.

ಹತ್ತನೇ ನಂಬರ್ ಪಾನಾ, ಸ್ಕ್ರೂಡ್ರೈವರ್, ವೈರ್ ಸುಲಿಯುವ ಸ್ಟ್ರಿಪ್ಪರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಒತ್ತುವ ಕ್ರಿಂಪಿಂಗ್ ಪ್ಲೇಯರ್ ಇರಲಿ. ವೈರು ಮಾತ್ರ ಆಟೋ ಕೇಬಲ್ಲೇ ಆಗಬೇಕು, ಒಳಗೆ ಸಣ್ಣ ಸಣ್ಣ ಎಳೆಗಳಿರುವಂಥದ್ದು. ಮನೆ ವೈರಿಂಗ್‌ಗೆ ಬಳಸುವ ಗಟ್ಟಿ ಎಳೆಯ ವೈರ್ ಇಂಜಿನ್ ನಡುಕಕ್ಕೆ ಒಳಗೊಳಗೇ ಮುರಿಯುತ್ತದೆ. ಲೈಟು, ಹಾರ್ನಿಗೆ ಕರೆಂಟ್ ಒಯ್ಯಲು 1.5 ಸ್ಕ್ವೇರ್ ಎಂಎಂ, ಚಾರ್ಜರ್‌ಗೆ 1, ರಿಲೇಗೆ ಸಿಗ್ನಲ್ ಕೊಡಲು 0.5 ಸಾಕು. ಜೊತೆಗೆ ಬ್ಲೇಡ್ ಫ್ಯೂಸು, ಅದರ ಹೋಲ್ಡರು, ಬಿಸಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಮುಚ್ಚುವ ಹೀಟ್ ಶ್ರಿಂಕ್ ಸ್ಲೀವು, ಕೇಬಲ್ ಟೈ ತನ್ನಿ.

ಇನ್ಸುಲೇಶನ್ ಟೇಪ್ ನಂಬಿ ಕೂರಬೇಡಿ. ಗದಗದ ಏಪ್ರಿಲ್ ಬಿಸಿಲಿಗೆ ಒಂದು ಬೈಕು ನಿಲ್ಲಿಸಿ ನೋಡಿ. ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗಿನ ತಾಮ್ರ ಹೊರಗೆ ಬರುತ್ತದೆ. ಜಾಯಿಂಟಿಗೆ ಸ್ಲೀವ್ ಹಾಕಿ ಬಿಸಿ ಮಾಡುವುದೇ ಸರಿ.

ಮೊದಲು ಅಳೆಯಿರಿ

ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ ನೋಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 12.6ರಿಂದ 12.8 ಬಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಮುಂದಿನ ಯಾವ ಕೆಲಸವೂ ಬೇಡ. ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಅದು ಚಾರ್ಜ್ ಹಿಡಿಯುತ್ತದೋ ನೋಡಿ.

ಕಡ್ಡಿಗಳನ್ನು ಅಲ್ಲೇ ಹಿಡಿದು ಸೆಲ್ಫ್ ಹೊಡೆಯಿರಿ. ಮೀಟರಿನ ರೀಡಿಂಗ್ ಒಂದು ಕ್ಷಣ ಕೆಳಗಿಳಿಯುತ್ತದೆ. 10ರ ಆಸುಪಾಸು ನಿಂತರೆ ಚಿಂತೆಯಿಲ್ಲ. 9ಕ್ಕೆ, 8ಕ್ಕೆ ಇಳಿದರೆ ಬ್ಯಾಟರಿಗೆ ವಯಸ್ಸಾಗಿದೆ.

ಇಂಜಿನ್ ಶುರುವಾದ ಮೇಲೆ ಎಕ್ಸಲೇಟರ್ ಸ್ವಲ್ಪ ಕೊಟ್ಟು ಹಿಡಿಯಿರಿ. ಮೀಟರ್ 13.8ರಿಂದ 14.5ರ ನಡುವೆ ತೋರಿಸಬೇಕು. 13 ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. 15 ದಾಟಿದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ರೆಕ್ಟಿಫೈಯರ್ ಕೆಟ್ಟಿದೆ, ಅದು ಬ್ಯಾಟರಿಯನ್ನೂ ಬಲ್ಬನ್ನೂ ಸುಡುತ್ತದೆ. ಎರಡೂ ಆಟೋ ಎಲೆಕ್ಟ್ರಿಷಿಯನ್ ನೋಡಬೇಕಾದ ರೋಗ.

ಇನ್ನೊಂದು ಪರೀಕ್ಷೆ ಬಾಕಿ ಇದೆ. ಇದನ್ನು ಯಾರೂ ಮಾಡುವುದಿಲ್ಲ. ಹೆಡ್‌ಲೈಟ್ ಹೈ ಬೀಮ್ ಹಾಕಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ, ಊರೊಳಗೆ ಓಡಿಸುವಷ್ಟೇ ಎಕ್ಸಲೇಟರ್ ಕೊಡಿ. ಆಗಲೂ 13ರ ಮೇಲಿದ್ದರೆ ನಿಮ್ಮ ಬೈಕಿನಲ್ಲಿ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ ಇನ್ನೂ ಸ್ವಲ್ಪ ತಾಕತ್ತು ಉಳಿದಿದೆ. 12.5ಕ್ಕೆ ಕುಸಿದರೆ ಅದಾಗಲೇ ತನ್ನ ಶಕ್ತಿ ಮೀರಿ ದುಡಿಯುತ್ತಿದೆ. ಅದರ ಮೇಲೆ ಫಾಗ್ ಲೈಟು ಹೇರಿದರೆ ರಾತ್ರಿ ಸವಾರಿಯಲ್ಲಿ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ.

ಯಾವ ಸಾಮಾನು ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ: ವ್ಯಾಟನ್ನು 12ರಿಂದ ಭಾಗಿಸಿ. 35 ವ್ಯಾಟ್ ಬಲ್ಬು ಸುಮಾರು 3 ಆಂಪ್, 60 ವ್ಯಾಟ್ ಬಲ್ಬು 5 ಆಂಪ್.

ತೊಳೆದರೇ ಅರ್ಧ ಸರಿಹೋಗುತ್ತದೆ

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣಿನಲ್ಲಿ ಓಡಾಡುವ ಬೈಕುಗಳ ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಅಂಟಿದ ಮಣ್ಣು ಬೇಸಿಗೆಯಲ್ಲಿ ಇಟ್ಟಿಗೆಯಾಗಿರುತ್ತದೆ. ಅದರ ಹಿಂದೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್‌ಗಳು ತೇವ ಹಿಡಿದು ಕೂತಿರುತ್ತವೆ. ಧಾರವಾಡ, ಕಲಘಟಗಿ ಕಡೆಯವರಿಗೆ ಮಣ್ಣಿನಷ್ಟೇ ತೊಂದರೆ ಕೊಡುವುದು ದಿನಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆ. ಮಹಾನವಮಿಗೆ ಪ್ರೆಶರ್ ವಾಶ್ ಮಾಡಿಸಿ ಪೂಜೆ ಮಾಡಿದ ಮಾರನೇ ದಿನ ಹಾರ್ನ್ ಬಂದ್ ಆಗುವುದಕ್ಕೂ ಇದೇ ಕಾರಣ. ಪೈಪಿನ ರಭಸಕ್ಕೆ ನೀರು ಕಪ್ಲರ್ ಒಳಗೇ ಹೋಗುತ್ತದೆ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದು ಸುಮ್ನೆ ಶಾಸ್ತ್ರವಲ್ಲ. ಬೈಕಿನ ಇಡೀ ಫ್ರೇಮ್ ಮೈನಸ್ಸಿಗೆ ಸೇರಿರುತ್ತದೆ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ, ಪಾನಾ ಅಲ್ಲೇ ಅಂಟಿಕೊಳ್ಳಲೂಬಹುದು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ತಿಕ್ಕಿ, ಒಣಗಿಸಿ. ಮತ್ತೆ ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬ್ಯಾಟರಿಯ ಮೈನಸ್ ವೈರ್ ಫ್ರೇಮಿಗೆ ಅಥವಾ ಇಂಜಿನ್‌ಗೆ ಎಲ್ಲಿ ಬೋಲ್ಟ್ ಆಗಿದೆಯೋ ಹುಡುಕಿ. ಅಲ್ಲಿ ತುಕ್ಕು ಇದ್ದರೆ ಮರಳು ಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ. ಹೆಡ್‌ಲೈಟ್ ಒಳಗಿನ ಕಪ್ಲರ್‌ಗಳನ್ನು ಒಂದೊಂದಾಗಿ ಎಳೆದು ನೋಡಿ. ಪಿನ್ ಮೇಲೆ ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದ ಹಾಗಿದ್ದರೆ ಆ ಕಪ್ಲರ್ ಬದಲಾಯಿಸಬೇಕು. ಕರೆಂಟ್ ಅಲ್ಲಿ ಬೆಳಕಾಗುವ ಬದಲು ಬಿಸಿಯಾಗುತ್ತಿದೆ.

ಈಗ ದಾರಿ ಎಷ್ಟು ಚೆನ್ನಾಗಿದೆ ಅಂತ ಅಳೆಯೋಣ. ಇಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿ ಬಲ್ಬಿನ ಹಿಂದಿರುವ ಪ್ಲಸ್ ಪಿನ್ನಿಗೆ. ಕಡ್ಡಿ ಮುಟ್ಟದಿದ್ದರೆ ಒಂದು ತುಂಡು ವೈರ್ ಸೇರಿಸಿಕೊಳ್ಳಿ. ಬರುವ ರೀಡಿಂಗ್ ದಾರಿಯಲ್ಲೇ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನ ಒಳಗಿದ್ದರೆ ಒಳ್ಳೆಯದು. ಒಂದು, ಒಂದೂವರೆ ವೋಲ್ಟ್ ತೋರಿಸುವ ಬೈಕುಗಳು ಬೇಕಾದಷ್ಟಿವೆ. ಇದೇ ಪರೀಕ್ಷೆಯನ್ನು ಬಲ್ಬಿನ ಅರ್ತ್ (ಮೈನಸ್) ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮಾಡಿ.

ಒಂದು ವೋಲ್ಟ್ ಏನು ಮಹಾ ಅನ್ನಿಸಬಹುದು. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ನಿಮ್ಮ ಲೈಟು ಹಳದಿ ಆಗಿರುವುದಕ್ಕೆ ಕಾರಣ ಇಲ್ಲೇ ಇರಬಹುದು.

ಹೆಡ್‌ಲೈಟಿಗೆ ರಿಲೇ

ಕಂಪನಿ ವೈರಿಂಗ್‌ನಲ್ಲಿ ಹೆಡ್‌ಲೈಟಿನ ಕರೆಂಟ್ ದೊಡ್ಡ ಪ್ರದಕ್ಷಿಣೆ ಹಾಕುತ್ತದೆ. ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಹ್ಯಾಂಡಲ್ಲಿನ ಡಿಪ್ ಸ್ವಿಚ್ಚಿಗೆ, ಅಲ್ಲಿಂದ ಬಲ್ಬಿಗೆ. ನಡುವೆ ಹಲವು ಕಪ್ಲರ್, ಎಲ್ಲಾ ತೆಳು ವೈರು. ರಿಲೇ ಹಾಕಿದರೆ ಬ್ಯಾಟರಿಯಿಂದ ಬಲ್ಬಿಗೆ ನೇರ ದಾರಿ ಸಿಗುತ್ತದೆ. ಡಿಪ್ ಸ್ವಿಚ್ ಬರೀ ಸನ್ನೆ ಮಾಡುತ್ತದೆ. ಹೊಲದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಹಸಿರು ಬಟನ್ ಮೋಟರಿನ ಕರೆಂಟನ್ನು ತಾನೇ ಹೊರುವುದಿಲ್ಲ, ಒಳಗಿನ ಕಾಯಿಲ್ಲನ್ನು ಎಳೆಸುತ್ತದೆ ಅಷ್ಟೆ.

ಆದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಸಣ್ಣ ಸಿಸಿಯ ಬಹಳಷ್ಟು ಹಳೆಯ ಬೈಕುಗಳಲ್ಲಿ ಹೆಡ್‌ಲೈಟ್ ಬ್ಯಾಟರಿ ಮೇಲೆ ಉರಿಯುವುದೇ ಇಲ್ಲ. ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಎಸಿ ಮೇಲೆ ಉರಿಯುತ್ತದೆ. ಎಕ್ಸಲೇಟರ್ ಕೊಟ್ಟಂತೆ ಬೆಳಕು ಏರಿ, ಐಡ್ಲಿಂಗ್‌ನಲ್ಲಿ ಇಳಿದರೆ ಅದು ಎಸಿ ಎಂದು ಅನುಮಾನಿಸಿ. ಬಲ್ಬಿನ ಪಿನ್ನಿನಲ್ಲಿ ಮೀಟರ್ ಇಟ್ಟು ಡಿಸಿ ರೇಂಜಿನಲ್ಲಿ ನೋಡಿ. 13ರ ಆಸುಪಾಸು ಅಲುಗಾಡದೆ ನಿಂತರೆ ಡಿಸಿ. ಏನೇನೋ ತೋರಿಸಿದರೆ ಎಸಿ. ಎಸಿ ಲೈನಿಗೆ ಈ ರಿಲೇ ಹಾಕಿದರೆ ಅದು ಕಟಕಟ ಅನ್ನುತ್ತಾ ಕೂರುತ್ತದೆ, ಲೈಟು ಮಿಣುಕುತ್ತದೆ. ಎಸಿ ಲೈಟನ್ನು ಡಿಸಿ ಮಾಡಿಸುವುದು ಕಾಯಿಲ್, ರೆಕ್ಟಿಫೈಯರ್ ಎರಡನ್ನೂ ನೋಡಿ ಮಾಡುವ ಕೆಲಸ. ಅದನ್ನು ಅಂಗಡಿಗೆ ಬಿಡಿ. ಅಂಥ ಬೈಕಿಗೆ ಒಳ್ಳೆ ಬಲ್ಬು, ಶುದ್ಧ ಅರ್ತ್, ಹೊಳೆಯುವ ರಿಫ್ಲೆಕ್ಟರ್, ಇಷ್ಟೇ ಔಷಧ.

ಡಿಸಿ ಇದ್ದರೆ ಮುಂದುವರಿಯಿರಿ. 12 ವೋಲ್ಟ್ 30 ಆಂಪಿನ ನಾಲ್ಕು ಪಿನ್ ರಿಲೇ ಎರಡು ಬೇಕು, ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು. ಕೆಳಗೆ 30, 85, 86, 87 ಅಂತ ಅಚ್ಚಾಗಿರುತ್ತದೆ. ಐದು ಪಿನ್ ರಿಲೇ ಸಿಕ್ಕರೆ ನಡುವಿನ 87ಎ ಅನ್ನು ಮುಟ್ಟಬೇಡಿ. ರಿಲೇ ಆಫ್ ಇದ್ದಾಗ ಕರೆಂಟ್ ಬರುವ ಪಿನ್ ಅದು. ತಪ್ಪಿ ಅಲ್ಲಿ ಲೈಟ್ ಕೊಟ್ಟರೆ ಬೈಕು ನಿಂತಾಗಲೂ ಉರಿಯುತ್ತಿರುತ್ತದೆ.

ಬ್ಯಾಟರಿ ಮೈನಸ್ ಬಿಚ್ಚಿ. ಪ್ಲಸ್ ಟರ್ಮಿನಲ್ಲಿಗೆ 1.5 ಸ್ಕ್ವೇರ್ ಎಂಎಂ ವೈರನ್ನು ಲಗ್ ಹಾಕಿ ಸೇರಿಸಿ. ಒಂದು ಗೇಣು ದೂರದೊಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸ್ ಇರುವುದು ಲೈಟನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಬ್ಯಾಟರಿಯಿಂದ ಫ್ಯೂಸಿನ ತನಕದ ತುಂಡು ಎಲ್ಲಾದರೂ ಫ್ರೇಮಿಗೆ ಉಜ್ಜಿ ಶಾರ್ಟ್ ಆದರೆ ತಡೆಯುವವರಿಲ್ಲ, ಹಾಗಾಗಿ ಆ ತುಂಡು ಚಿಕ್ಕದಿರಲಿ. 10 ಆಂಪಿನ ಕೆಂಪು ಫ್ಯೂಸ್ ಸಾಕು.

ಫ್ಯೂಸಿನಿಂದ ಬಂದ ವೈರನ್ನು ಟ್ಯಾಂಕ್ ಕೆಳಗಿನಿಂದ ಕಂಪನಿ ವೈರಿಂಗ್ ಜೊತೆಗೇ ಮುಂದಕ್ಕೆ ಎಳೆದು, ಎರಡೂ ರಿಲೇಗಳ 30ಕ್ಕೆ ಕೊಡಿ. ಸೈಲೆನ್ಸರ್, ಸಿಲಿಂಡರ್ ಹೆಡ್ ಹತ್ತಿರ ಹಾಯದಂತೆ ನೋಡಿಕೊಳ್ಳಿ.

ಬಲ್ಬಿನ ಹಿಂದಿನ ಹೋಲ್ಡರ್ ಕಳಚಿ. ಮೂರು ವೈರ್ ಇರುತ್ತವೆ: ಲೋ, ಹೈ, ಅರ್ತ್. ಬಣ್ಣ ನಂಬಬೇಡಿ, ಮೀಟರ್ ನಂಬಿ (ಇದನ್ನು ಮೈನಸ್ ಬಿಚ್ಚುವ ಮುಂಚೆಯೇ ಅಳೆದಿಟ್ಟುಕೊಳ್ಳಿ). ಹೀರೋ, ಹೋಂಡಾ ಬೈಕುಗಳಲ್ಲಿ ಹಸಿರು ವೈರ್ ಅರ್ತ್. ಬಜಾಜಿನಲ್ಲಿ ಕಪ್ಪು ವೈರಿನ ಮೇಲೆ ಹಳದಿ ಗೆರೆ. ಹೋಂಡಾ ವೈರಿಂಗ್‌ನಲ್ಲಿ ಬರೀ ಕಪ್ಪು ವೈರ್ ಅಂದರೆ ಕೀ ಹಾಕಿದಾಗ ಬರುವ ಪ್ಲಸ್! ಕಪ್ಪು ಕಂಡಿದ್ದೆಲ್ಲ ಮೈನಸ್ ಅಂದುಕೊಂಡವರು ಇಲ್ಲೇ ಫ್ಯೂಸ್ ಸುಡುವುದು.

ಹಳೆಯ ಹೋಲ್ಡರಿನ ಲೋ ವೈರನ್ನು ಮೊದಲ ರಿಲೇಯ 86ಕ್ಕೆ, ಹೈ ವೈರನ್ನು ಎರಡನೆಯದರ 86ಕ್ಕೆ. ಎರಡರ 85 ಅರ್ತ್‌ಗೆ. ಮೊದಲನೆಯ 87ರಿಂದ ಬಲ್ಬಿಗೆ ಹಾಕುವ ಹೊಸ ಹೋಲ್ಡರಿನ ಲೋ ಪಿನ್ನಿಗೆ, ಎರಡನೆಯ 87ರಿಂದ ಹೈ ಪಿನ್ನಿಗೆ. ಹೊಸ ಹೋಲ್ಡರಿನ ಅರ್ತನ್ನು ದಪ್ಪ ವೈರಿನಲ್ಲಿ ನೇರ ಬ್ಯಾಟರಿ ಮೈನಸ್ಸಿಗೆ ಒಯ್ಯಿರಿ. ಈ ಕೊನೆಯ ವೈರಿನಲ್ಲಿ ಜಿಪುಣತನ ಮಾಡಿದರೆ ರಿಲೇ ಹಾಕಿದ್ದೇ ದಂಡ.

ಇಷ್ಟೆಲ್ಲ ಕ್ರಿಂಪ್ ಮಾಡುವ ತಾಳ್ಮೆ ಇಲ್ಲವೇ? ರೆಡಿಮೇಡ್ ಹೆಡ್‌ಲೈಟ್ ರಿಲೇ ಹಾರ್ನೆಸ್ ಸಿಗುತ್ತದೆ. ಹಳೆಯ ಹೋಲ್ಡರ್ ಅದರ ಒಂದು ತುದಿಗೆ ಸೀದಾ ಕೂರುತ್ತದೆ, ಕಂಪನಿ ವೈರ್ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ವಾರಂಟಿ ಚಿಂತೆ ಇರುವವರಿಗೆ ನಾನು ಇದನ್ನೇ ಹೇಳುವುದು. ಒಳಗಿನ ವೈರ್ ದಪ್ಪ ಇದೆಯೋ ನೋಡಿ ತೆಗೆದುಕೊಳ್ಳಿ. ಮೇಲೆ ಪ್ಲಾಸ್ಟಿಕ್ ದಪ್ಪ, ಒಳಗೆ ನಾಲ್ಕು ಎಳೆ ತಾಮ್ರ ಇರುವ ಮಾಲೂ ಮಾರ್ಕೆಟ್ಟಿನಲ್ಲಿದೆ.

2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ತಾನೇ ಉರಿಯುವ ವ್ಯವಸ್ಥೆ ಕಡ್ಡಾಯ. ಅಂಥ ಹಲವು ಬೈಕುಗಳಲ್ಲಿ ಇಂಜಿನ್ ಶುರುವಾದ ಮೇಲಷ್ಟೇ ಲೈಟು ಬರುತ್ತದೆ. ರಿಲೇಗೆ ಸಿಗ್ನಲ್ಲನ್ನು ಹಳೆಯ ಹೋಲ್ಡರಿನಿಂದಲೇ ತೆಗೆದುಕೊಂಡರೆ ಆ ಗುಣವೂ ಹಾಗೇ ಉಳಿಯುತ್ತದೆ. ಕೀ ಸ್ವಿಚ್ಚಿನಿಂದ ತೆಗೆದುಕೊಂಡರೆ ಸೆಲ್ಫ್ ಹೊಡೆಯುವಾಗ ಲೈಟೂ ಉರಿದು ಬ್ಯಾಟರಿಗೆ ಭಾರ.

ರಿಲೇಗಳನ್ನು ಪಿನ್ ಕೆಳಮುಖವಾಗುವಂತೆ ಕೂರಿಸಿ. ಮೇಲ್ಮುಖವಾದರೆ ಮಳೆ ನೀರು ಒಳಗೆ ನಿಲ್ಲುತ್ತದೆ.

ಬಲ್ಬಿನ ವಿಷಯ. ಹೋಲ್ಡರ್ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿ ಎಷ್ಟು ವ್ಯಾಟ್ ಅಂತ ಇದೆಯೋ ಅಷ್ಟೇ ಹಾಕಿ. 35/35 ಇರುವ ಕಡೆ 100/90 ತುರುಕಿದರೆ ರಿಫ್ಲೆಕ್ಟರ್ ಹೊಳಪು ಕಳೆದುಕೊಂಡು ಸುಡುತ್ತದೆ, ಆಮೇಲೆ ಯಾವ ಬಲ್ಬ್ ಹಾಕಿದರೂ ಬೆಳಕಿಲ್ಲ. ಇನ್ನು ಬಿಳಿ-ನೀಲಿ ಎಲ್ಇಡಿ ಬಲ್ಬು. ಫಿಲಮೆಂಟಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಅದನ್ನು ಕೂರಿಸಿದರೆ ಬೆಳಕು ರಸ್ತೆಗಿಂತ ಜಾಸ್ತಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಗೋಡೆಗೆ ಬಿಟ್ಟು ನೋಡಿದಾಗ ಜೋರಾಗಿ ಕಾಣುತ್ತದೆ, ಮಳೆ ಬಿದ್ದ ಡಾಂಬರಿನ ಮೇಲೆ ಏನೂ ಕಾಣುವುದಿಲ್ಲ. ನನಗಂತೂ ಅದು ದುಡ್ಡು ಕೊಟ್ಟು ಬೈಗುಳ ತೆಗೆದುಕೊಂಡ ಹಾಗೆ ಅನ್ನಿಸುತ್ತದೆ.

ಹಾರ್ನ್

ಹುಬ್ಬಳ್ಳಿಯ ದುರ್ಗದಬೈಲಿನ ಸಂಜೆ ಗದ್ದಲದಲ್ಲಿ ಯಾವ ಹಾರ್ನ್ ಹಾಕಿದರೂ ಯಾರೂ ದಾರಿ ಬಿಡುವುದಿಲ್ಲ, ಅದಕ್ಕಾಗಿ ದುಡ್ಡು ಹಾಕಬೇಡಿ. ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಡ್ರೈವರಿಗೆ ಕೇಳಿಸುವಂಥ ಹಾರ್ನ್ ಬೇಕು ಅನ್ನುವುದು ನ್ಯಾಯ. ಕಾರಿಗೆ ಹಾಕುವ ಜೋಡಿ ಹಾರ್ನ್, ಒಂದು ಹೈ ಒಂದು ಲೋ, ಬೈಕಿಗೂ ಹಿಡಿಸುತ್ತದೆ. ಎರಡೂ ಸೇರಿ 7-8 ಆಂಪ್ ಎಳೆಯಬಹುದು. ಹ್ಯಾಂಡಲ್ಲಿನ ಪುಟ್ಟ ಬಟನ್ ಇಷ್ಟನ್ನು ತಾಳುವುದಿಲ್ಲ, ಆದ್ದರಿಂದ ಇದಕ್ಕೂ ರಿಲೇ.

ಇಲ್ಲೊಂದು ಸುಲಭದ ಉಪಾಯವಿದೆ. ಕೆಲವು ಬೈಕಿನಲ್ಲಿ ಹಾರ್ನ್ ಬಟನ್ ಪ್ಲಸ್ ಕೊಡುತ್ತದೆ, ಕೆಲವಲ್ಲಿ ಅರ್ತ್ ಕೊಡುತ್ತದೆ. ನಿಮ್ಮದು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಹಾರ್ನಿನ ಎರಡೂ ವೈರ್ ಬಿಚ್ಚಿ, ಒಂದನ್ನು ರಿಲೇಯ 85ಕ್ಕೆ, ಇನ್ನೊಂದನ್ನು 86ಕ್ಕೆ ಸಿಕ್ಕಿಸಿ. ರಿಲೇ ಕಾಯಿಲ್‌ಗೆ ಪ್ಲಸ್ ಯಾವ ಕಡೆ ಬಂದರೂ ನಡೆಯುತ್ತದೆ. ರಿಲೇ ಮೈಮೇಲಿನ ಚಿತ್ರದಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು) ಗುರುತು ಇದ್ದರೆ ಮಾತ್ರ 86ಕ್ಕೆ ಪ್ಲಸ್ಸೇ ಬರಬೇಕು. ಬ್ಯಾಟರಿಯಿಂದ 15 ಆಂಪಿನ ನೀಲಿ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಎರಡೂ ಹಾರ್ನಿನ ಒಂದೊಂದು ಪಿನ್ನಿಗೆ, ಉಳಿದ ಪಿನ್‌ಗಳು ಅರ್ತ್‌ಗೆ. ಮುಗಿಯಿತು.

ಹಾರ್ನನ್ನು ಅದರ ಜೊತೆ ಬರುವ ತೆಳು ಪಟ್ಟಿಯಿಂದಲೇ ನಿಲ್ಲಿಸಿ, ನೇರ ಫ್ರೇಮಿಗೆ ಬಿಗಿದರೆ ಸದ್ದು ಕಟ್ಟುತ್ತದೆ. ಬಾಯಿ ಸ್ವಲ್ಪ ಕೆಳಗೆ ಮಾಡಿ. ಮುಂದಿನ ಚಕ್ರಕ್ಕೆ, ಫೋರ್ಕಿಗೆ ತಾಗುತ್ತದೋ ಅಂತ ಬೈಕಿನ ಮೇಲೆ ಕೂತು ಜಗ್ಗಿ ನೋಡಿ. ರಾಗ ಬದಲಾಯಿಸುವ ಮ್ಯೂಸಿಕಲ್ ಹಾರ್ನ್, ಕರ್ಕಶ ಹಾರ್ನ್ ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ನಿಷಿದ್ಧ. ಪೊಲೀಸರು ಹಿಡಿದರೆ ವಾದಕ್ಕೆ ಜಾಗವಿಲ್ಲ.

ಮೊಬೈಲ್ ಚಾರ್ಜರ್

ಡೆಲಿವರಿ ಕೆಲಸ ಮಾಡುವವರಿಗೆ ಇದು ಚೈನಿಯಲ್ಲ, ಅಗತ್ಯ. ಒಳ್ಳೆ ಸುದ್ದಿ ಅಂದರೆ ಇದು ಎಳೆಯುವುದು ಕಡಿಮೆ. 5 ವೋಲ್ಟ್ 2 ಆಂಪಿನ ಚಾರ್ಜರ್ ಅಂದರೆ 10 ವ್ಯಾಟ್, ಬ್ಯಾಟರಿ ಕಡೆಯಿಂದ ಒಂದು ಆಂಪಿನ ಆಸುಪಾಸು.

ನೇರ ಬ್ಯಾಟರಿಗೆ ಕೊಡಬೇಡಿ. ಫೋನ್ ಇಲ್ಲದಿದ್ದಾಗಲೂ ಒಳಗಿನ ಸರ್ಕ್ಯೂಟ್, ನೀಲಿ ಎಲ್ಇಡಿ, ವೋಲ್ಟ್‌ಮೀಟರ್ ಇದ್ದರೆ ಅದೂ, ಹಗಲು ರಾತ್ರಿ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ. ಸಣ್ಣ ಬೈಕಿನ 3-4 ಎಎಚ್ (ಆಂಪ್-ಅವರ್) ಬ್ಯಾಟರಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು. ಕೀ ಹಾಕಿದಾಗ ಮಾತ್ರ ಬರುವ ಪ್ಲಸ್ ಬೇಕು. ಹಿಂದಿನ ಬ್ರೇಕ್ ಸ್ವಿಚ್ಚಿಗೆ ಬರುವ ಎರಡು ವೈರುಗಳಲ್ಲಿ ಒಂದರಲ್ಲಿ ಬ್ರೇಕ್ ಒತ್ತದಿದ್ದರೂ, ಕೀ ಹಾಕಿದಾಗ 12 ವೋಲ್ಟ್ ಇರುತ್ತದೆ. ಮೀಟರಿನಲ್ಲಿ ಹುಡುಕಿ, ಅಲ್ಲಿಂದ 3 ಆಂಪಿನ ಫ್ಯೂಸ್ ಹಾಕಿ ತೆಗೆದುಕೊಳ್ಳಿ.

ವೈರಿಗೆ ಕಚ್ಚಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಅಂಗಡಿಯಲ್ಲಿ ಕೊಡಬಹುದು. ಅದು ಎಳೆಗಳನ್ನು ಕಡಿಯುತ್ತದೆ, ನೀರೂ ಒಳಗೆ ಹೋಗುತ್ತದೆ. ಬದಲಿಗೆ ಅಲ್ಲಿರುವ ಕಪ್ಲರ್ ಕಳಚಿ, ಗುಂಡಿನ ಆಕಾರದ, ಒಂದಕ್ಕೊಂದು ಸಿಕ್ಕಿಸುವ ಬುಲೆಟ್ ಕನೆಕ್ಟರ್‌ಗಳಿಂದ ವೈ ಆಕಾರದ ಸಣ್ಣ ತುಂಡು ಮಾಡಿ ನಡುವೆ ಸೇರಿಸಿ. ಬೇಡ ಅಂದಾಗ ತೆಗೆದರೆ ಬೈಕು ಮೊದಲಿನ ಹಾಗೆ.

ಚಾರ್ಜರಿನ ರಬ್ಬರ್ ಮುಚ್ಚಳ ಗಟ್ಟಿ ಇರಲಿ. ಮಳೆಯಲ್ಲಿ ಕೇಬಲ್ ಸಿಕ್ಕಿಸಿಟ್ಟು ಓಡಿಸಬೇಡಿ. ಹ್ಯಾಂಡಲ್ ಮೇಲಿನ ನಡುಕಕ್ಕೆ ಕೆಲವು ಫೋನುಗಳ ಕ್ಯಾಮೆರಾ ಕೆಡುತ್ತದೆ, ಹಾಗಾಗಿ ದುಬಾರಿ ಫೋನ್ ಇದ್ದರೆ ನಡುಕ ತಡೆಯುವ ಹೋಲ್ಡರ್ ತೆಗೆದುಕೊಳ್ಳಿ.

ಬ್ರೇಕ್ ಲೈಟು, ಇಂಡಿಕೇಟರ್

ಬ್ರೇಕ್ ಲೈಟಿಗೆ ಎಲ್ಇಡಿ ಹಾಕುವುದನ್ನು ನಾನು ಒಪ್ಪುತ್ತೇನೆ. 21/5 ವ್ಯಾಟಿನ ಬಲ್ಬು ಇರುವಲ್ಲಿ ಅದೇ ಅಳತೆಯ ಎಲ್ಇಡಿ ಕೂರುತ್ತದೆ, ಭಾರ ಇಳಿಯುತ್ತದೆ, ಒತ್ತಿದ ತಕ್ಷಣ ಉರಿಯುತ್ತದೆ. ಹೋಲ್ಡರಿನ ಎರಡು ಮುಳ್ಳುಗಳು ಒಂದೇ ಎತ್ತರದಲ್ಲಿಲ್ಲ, ನೋಡಿಕೊಂಡು ತಿರುಗಿಸಿ, ಉಲ್ಟಾ ಒತ್ತಬೇಡಿ.

ಎಲ್ಇಡಿಯ ಬಣ್ಣ ಆರಿಸುವ ಮುಂಚೆ ಟೇಲ್‌ಲೈಟಿನ ಕೆಳಗೆ ಬಗ್ಗಿ ನೋಡಿ. ಅಲ್ಲೊಂದು ಪಾರದರ್ಶಕ ಗಾಜಿನಂಥ ಕಿಟಕಿ ಇದ್ದರೆ ನಂಬರ್ ಪ್ಲೇಟಿಗೆ ಬೆಳಕು ಇದೇ ಬಲ್ಬಿನಿಂದ ಹೋಗುತ್ತಿದೆ. ಕೆಂಪು ಎಲ್ಇಡಿ ಹಾಕಿದರೆ ನಂಬರ್ ಪ್ಲೇಟೂ ಕೆಂಪಾಗುತ್ತದೆ. ಅಂಥ ಬೈಕಿಗೆ ಬಿಳಿ ತನ್ನಿ. ಕಿಟಕಿ ಇಲ್ಲದಿದ್ದರೆ ಕೆಂಪು ಮುಚ್ಚಳದ ಹಿಂದೆ ಕೆಂಪು ಎಲ್ಇಡಿಯೇ ಹೆಚ್ಚು ಬೆಳಗುವುದು.

ಇಂಡಿಕೇಟರ್ ಸಹವಾಸ ಬೇಡ ಅನ್ನುತ್ತೇನೆ. 10 ವ್ಯಾಟಿನ ಬಲ್ಬ್ ತೆಗೆದು ಎಲ್ಇಡಿ ಹಾಕಿದರೆ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಶರ್‌ಗೆ ಸಾಕಷ್ಟು ಭಾರ ಸಿಗದೆ ಹುಚ್ಚು ಹಿಡಿದಂತೆ ಮಿನುಗುತ್ತದೆ. ಎಲ್ಇಡಿ ಫ್ಲ್ಯಾಶರ್ ಹಾಕಿ ಅದನ್ನು ಸರಿಮಾಡಿದರೆ ಇನ್ನೊಂದು ತಮಾಷೆ. ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಸೂಚಕ ಬಲ್ಬು ಇರುವ ಬೈಕುಗಳಲ್ಲಿ, ಕರೆಂಟ್ ಆ ಬಲ್ಬಿನ ಮೂಲಕವೇ ಆಚೆ ಬದಿಗೆ ದಾಟಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಕುಣಿಯುತ್ತವೆ. ಅದನ್ನು ತಡೆಯಲು ಎರಡು ಡಯೋಡ್ ಬೆಸೆಯಬೇಕು. ಇಷ್ಟೆಲ್ಲ ಮಾಡಿ ಉಳಿಯುವುದು ಆಗಾಗ ಉರಿಯುವ ಎರಡು ಬಲ್ಬಿನ ಕರೆಂಟು.

ರಸ್ತೆಗೆ ಇಳಿಸುವ ಮುನ್ನ

ಮೊದಲು ಇಂಜಿನ್ ಚಾಲೂ ಮಾಡಿ, ಎಲ್ಲಾ ಲೈಟು ಹಾಕಿ, ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನ ತಿರುಗಿಸಿ. ಎಲ್ಲಾದರೂ ಲೈಟು ಮಿಣುಕಿದರೆ ವೈರ್ ಎಳೆಯುತ್ತಿದೆ. ಹ್ಯಾಂಡಲ್ ಕುತ್ತಿಗೆಯ ಹತ್ತಿರ ವೈರ್ ಸ್ವಲ್ಪ ಸಡಿಲ ಬಿಟ್ಟು ಮತ್ತೆ ಕೇಬಲ್ ಟೈ ಹಾಕಿ. ಈ ಭಾಗದಲ್ಲಿ ಟೈ ತೀರಾ ಬಿಗಿಯಾದರೆ ವರ್ಷದೊಳಗೆ ವೈರ್ ಒಳಗೇ ತುಂಡಾಗುತ್ತದೆ.

ಮತ್ತೆ ಆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಮಾಡಿ. ಮೊದಲು ಒಂದೂವರೆ ವೋಲ್ಟ್ ಕಳೆಯುತ್ತಿದ್ದ ಬೈಕಿನಲ್ಲಿ ಈಗ ಅರ್ಧ ವೋಲ್ಟಿಗೂ ಕೆಳಗೆ ಬರಬೇಕು. ಬರದಿದ್ದರೆ ಯಾವುದೋ ಕ್ರಿಂಪ್ ಸರಿಯಾಗಿ ಒತ್ತಿಲ್ಲ. ಹತ್ತು ನಿಮಿಷ ಲೈಟ್ ಉರಿಸಿ, ಒಂದೊಂದು ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ. ಬಿಸಿಯಾಗಿದ್ದೇ ಕಳ್ಳ.

ಲೈಟಿನ ಎತ್ತರ ಹೊಂದಿಸುವುದನ್ನು ಮರೆಯಬೇಡಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಬೈಕು ನಿಲ್ಲಿಸಿ, ಓಡಿಸುವವರೇ ಮೇಲೆ ಕೂರಲಿ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ನಾಲ್ಕು ಬೆರಳು ಕೆಳಗೆ ಬೀಳಬೇಕು. ಯಾವಾಗಲೂ ಹಿಂದೆ ಒಬ್ಬರು ಕೂರುತ್ತಾರೆ ಅಂದರೆ ಅವರನ್ನೂ ಕೂರಿಸಿಕೊಂಡೇ ನೋಡಿ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ.

ಮಾಡಿದ ವೈರಿಂಗನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಎಷ್ಟು ಆಂಪ್. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, 3, 10 ಮತ್ತು 15 ಆಂಪಿನ ಒಂದೊಂದು ಹೆಚ್ಚುವರಿ ಫ್ಯೂಸ್ ಜೊತೆ ಸೀಟಿನ ಕೆಳಗಿಡಿ. ರಾಣೆಬೆನ್ನೂರಿನ ದಾರಿಯಲ್ಲಿ ಬೈಕು ಕೈಕೊಟ್ಟರೆ ಅಲ್ಲಿನ ಎಲೆಕ್ಟ್ರಿಷಿಯನ್ ನಿಮ್ಮ ಹೊಸ ವೈರುಗಳನ್ನೆಲ್ಲ ಕಿತ್ತು ಹುಡುಕುವ ಬದಲು ಚೀಟಿ ನೋಡಿ ಕೆಲಸ ಶುರುಮಾಡಬಹುದು.